ಚೌಕಟ್ಟಿನ ಅಂಚಿನಲ್ಲಿ ಕುಳಿತವನು: ‘ಐ, ಕ್ಲಾಡಿಯಸ್’ ನೋಡುವವರಿಗೆ

ರೋಮ್ ಎಂದೊಡನೆ ರಥಗಳು, ಸೇನೆಗಳು, ಅಖಾಡದಲ್ಲಿ ಹರಿಯುವ ರಕ್ತ ಕಣ್ಣಿಗೆ ಕಟ್ಟುತ್ತವೆ. ‘ಐ, ಕ್ಲಾಡಿಯಸ್’ ನೋಡಲು ಕೂರುವವರು ಅದನ್ನೆಲ್ಲ ಮೊದಲೇ ಮರೆತುಬಿಡುವುದು ಒಳ್ಳೆಯದು. 1976ರಲ್ಲಿ ಪ್ರಸಾರವಾದ ಬಿಬಿಸಿಯ ಈ ಧಾರಾವಾಹಿ ಲಂಡನ್ನಿನ ಟೆಲಿವಿಷನ್ ಸೆಂಟರಿನ ಸ್ಟುಡಿಯೊದೊಳಗೆ ವಿಡಿಯೊ ಟೇಪಿನ ಮೇಲೆ ತಯಾರಾದದ್ದು. ಜರ್ಮನಿಯಲ್ಲಿ ಯುದ್ಧ ನಡೆಯುತ್ತದೆ, ನಮಗೆ ಸಿಗುವುದು ಸುದ್ದಿ ಮಾತ್ರ. ಮಲ್ಲರ ಕಾಳಗ ನಡೆಯುತ್ತದೆ, ನಾವು ನೋಡುವುದು ರಾಜಮನೆತನದವರು ಕುಳಿತ ಅಟ್ಟಣೆಯನ್ನು. ಜನಸಾಗರವಿರುವುದು ಅದರ ಬೊಬ್ಬೆಯಲ್ಲಷ್ಟೇ. ರಾತ್ರಿಯಿಡೀ ತಾಳಮದ್ದಲೆ ಕೇಳಿದವರಿಗೆ ಇದು ಕೊರತೆಯೆನಿಸಲಾರದು. ವೇಷವಿಲ್ಲದೆ, ಕುಳಿತಲ್ಲೇ, ಮಾತಿನಿಂದಲೇ ಕುರುಕ್ಷೇತ್ರ ಕಟ್ಟುವ ಅರ್ಥಧಾರಿಗಳನ್ನು ಕಂಡ ಕಣ್ಣಿಗೆ ಈ ಬಡ ಸೆಟ್ಟುಗಳು ಬೇಗ ಒಗ್ಗುತ್ತವೆ.

ರಾಬರ್ಟ್ ಗ್ರೇವ್ಸ್ 1934ರಲ್ಲಿ ಬರೆದ ಕಾದಂಬರಿಯನ್ನೂ ಅದರ ಮುಂದುವರಿಕೆಯನ್ನೂ ಜಾಕ್ ಪುಲ್ಮನ್ ಚಿತ್ರಕಥೆಯಾಗಿಸಿದರು; ನಿರ್ದೇಶಕರು ಹರ್ಬರ್ಟ್ ವೈಸ್. ಕೆಲವರು ಇದನ್ನು 12 ಕಂತು ಎನ್ನುತ್ತಾರೆ, ಕೆಲವರು 13. ಮೊದಲ ಪ್ರಸಾರದಲ್ಲಿ ಆರಂಭದ ಕಂತು ದುಪ್ಪಟ್ಟು ಉದ್ದವಿತ್ತು, ಗೊಂದಲ ಅಷ್ಟೇ. ಒಟ್ಟು ಸುಮಾರು 11 ಗಂಟೆ. ದಿನಕ್ಕೊಂದು ಕಂತು ಸಾಕು. ಒಂದೇ ಗುಕ್ಕಿಗೆ ನೋಡಿದರೆ ಸಾವುಗಳ ಲೆಕ್ಕ ತಪ್ಪುತ್ತದೆ.

ಕಥೆ ಕ್ಲಾಡಿಯಸ್ ಎಂಬಾತ ಚಕ್ರವರ್ತಿಯಾದದ್ದು. ಆದರೆ ಅವನು ಮೇಲೇರಲು ಏನನ್ನೂ ಮಾಡುವುದಿಲ್ಲ. ಕಾಲು ಕುಂಟು, ಮಾತು ಉಗ್ಗು, ತಲೆ ಸದಾ ಒಂದು ಕಡೆಗೆ ಸೆಳೆಯುತ್ತಿರುತ್ತದೆ. ಹೆತ್ತ ತಾಯಿಗೇ ಅವನೆಂದರೆ ಅಸಡ್ಡೆ. ಮನೆಯ ಜಾಣರೆಲ್ಲ ಒಬ್ಬರನ್ನೊಬ್ಬರು ಮುಗಿಸಿಕೊಂಡ ಮೇಲೆ ಉಳಿದವನು ಅವನೊಬ್ಬ. ಹಾಗಾಗಿ ಹೊಸ ನೋಡುಗರಿಗೆ ನನ್ನ ಮುಖ್ಯ ಸಲಹೆ: ಮಾತಾಡುತ್ತಿರುವವರನ್ನು ಬಿಟ್ಟು ಆಗಾಗ ಚೌಕಟ್ಟಿನ ಅಂಚನ್ನು ನೋಡಿ. ಔತಣದ ದೃಶ್ಯಗಳಲ್ಲಿ, ಪಿತೂರಿಯ ಕೋಣೆಗಳಲ್ಲಿ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಮೂಲೆಯಲ್ಲಿ ಕ್ಲಾಡಿಯಸ್ ಪಾತ್ರದ ಡೆರೆಕ್ ಜಾಕೋಬಿ ಕುಳಿತಿರುತ್ತಾರೆ. ಅಲ್ಲಿ ಅವರ ಮುಖದಲ್ಲಿ ಏನಾಗುತ್ತಿದೆಯೋ ಅದೇ ಕಥೆ.

ಉಗ್ಗನ್ನೂ ಕಿವಿಗೊಟ್ಟು ಕೇಳಬೇಕು. ಯುವ ಕ್ಲಾಡಿಯಸ್‌ಗೆ ಗ್ರಂಥಾಲಯದಲ್ಲಿ ಮುದುಕ ಇತಿಹಾಸಕಾರ ಪೊಲಿಯೊ ಸಿಗುತ್ತಾನೆ. ಬದುಕಿ ಉಳಿಯಬೇಕೆಂದಿದ್ದರೆ ಕುಂಟನ್ನೂ ಉಗ್ಗನ್ನೂ ಇನ್ನಷ್ಟು ಹೆಚ್ಚಿಸಿಕೋ ಎಂದು ಬುದ್ಧಿ ಹೇಳುತ್ತಾನೆ. ಅಲ್ಲಿಂದ ಮುಂದೆ ಪ್ರತಿ ಉಗ್ಗಿನಲ್ಲೂ ನಮಗೆ ಅನುಮಾನ: ಇದು ದೇಹದ ತೊಡಕೋ, ರಕ್ಷಾಕವಚವೋ? ಜಾಕೋಬಿ ಈ ಗೆರೆಯನ್ನು ಅಳಿಸಿಯೇ ಆಡುತ್ತಾರೆ. ಯಾರ ಎದುರು ಉಗ್ಗು ಕಡಿಮೆಯಾಗುತ್ತದೆ ಎಂದು ಗಮನಿಸುತ್ತ ಹೋದರೆ ಅವನು ಯಾರನ್ನು ನಂಬುತ್ತಾನೆಂಬುದು ತಾನಾಗಿ ತಿಳಿಯುತ್ತದೆ.

ಹೆಸರುಗಳ ಕಾಟ ಇದ್ದದ್ದೇ. ಒಂದು ಚೀಟಿಯಲ್ಲಿ ನಂಟುಗಳನ್ನು ಬರೆದಿಟ್ಟುಕೊಳ್ಳಿ. ಲಿವಿಯಾ ಕ್ಲಾಡಿಯಸ್‌ನ ಅಜ್ಜಿ, ಅಂದರೆ ತಂದೆಯ ತಾಯಿ. ಚಕ್ರವರ್ತಿ ಆಗಸ್ಟಸ್ ಅವಳ ಎರಡನೆಯ ಗಂಡ. ಟೈಬೀರಿಯಸ್ ದೊಡ್ಡಪ್ಪ. ಜರ್ಮಾನಿಕಸ್ ಅಣ್ಣ. ಹುಚ್ಚು ದೊರೆ ಕಲಿಗುಲಾ ಆ ಅಣ್ಣನ ಮಗ. ಕ್ಲಾಡಿಯಸ್ ಕೊನೆಗೆ ಮದುವೆಯಾಗುವುದು ಕಲಿಗುಲಾನ ತಂಗಿಯನ್ನು, ಅಂದರೆ ತನ್ನ ಅಣ್ಣನ ಮಗಳನ್ನು. ಅವಳು ಕರೆತಂದ ಮಗನೇ ನೀರೊ. ಇಷ್ಟು ತಿಳಿದರೆ ದಾರಿ ತಪ್ಪುವುದಿಲ್ಲ. ಈ ಹೆಸರುಗಳು ನಮ್ಮ ನೆಲಕ್ಕೆ ಪೂರ್ತಿ ಅಪರಿಚಿತವೂ ಅಲ್ಲ. ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೂವರ ನಾಣ್ಯಗಳೂ ಇದ್ದವು.

ಧಾರಾವಾಹಿಯ ಜೀವ ಇರುವುದು ಲಿವಿಯಾಳಲ್ಲಿ, ಶಾನ್ ಫಿಲಿಪ್ಸ್ ಅವರ ತಣ್ಣನೆಯ ದನಿಯಲ್ಲಿ. ಮಗ ಟೈಬೀರಿಯಸ್ ಪಟ್ಟವೇರಲೆಂದು ದಾರಿಗೆ ಅಡ್ಡ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಇಲ್ಲವಾಗಿಸುತ್ತಾಳೆ. ವಿಷದ ಭಯದಿಂದ ಆಗಸ್ಟಸ್ ಮರದಿಂದ ತಾನೇ ಕಿತ್ತ ಅಂಜೂರವನ್ನಷ್ಟೇ ತಿನ್ನತೊಡಗುತ್ತಾನೆ. ಅವಳು ಮರದಲ್ಲಿರುವ ಹಣ್ಣಿಗೇ ವಿಷ ಸವರುತ್ತಾಳೆ. ಮುಂದಿನದು ಟೆಲಿವಿಷನ್ ನಟನೆಯ ಪಾಠದಂಥ ದೃಶ್ಯ. ಹಾಸಿಗೆಯಲ್ಲಿ ಮಲಗಿದ ಆಗಸ್ಟಸ್‌ನ ಮುಖದ ಮೇಲೆ ಕ್ಯಾಮೆರಾ ನಿಂತುಬಿಡುತ್ತದೆ, ಕದಲುವುದೇ ಇಲ್ಲ. ಲಿವಿಯಾ ಕಾಣದೆ, ದನಿಯಾಗಿ ಮಾತ್ರ, ಒಂದು ಇಡೀ ದಾಂಪತ್ಯದ ದೂರುಗಳನ್ನು ಹೇಳುತ್ತ ಹೋಗುತ್ತಾಳೆ. ಆ ದನಿಯ ನಡುವೆ ಯಾವಾಗಲೋ ಆಗಸ್ಟಸ್ ಪಾತ್ರದ ಬ್ರಯಾನ್ ಬ್ಲೆಸೆಡ್ ಅವರ ತೆರೆದ ಕಣ್ಣುಗಳಿಂದ ಜೀವ ಹೊರಟುಹೋಗುತ್ತದೆ. ಯಾವ ಕ್ಷಣದಲ್ಲೆಂದು ಎರಡನೆಯ ಸಲ ನೋಡಿದರೂ ಹೇಳುವುದು ಕಷ್ಟ. ಕತ್ತಿ ಬೀಸುವ ನೂರು ದೃಶ್ಯಗಳನ್ನು ನಾನು ಇದೊಂದಕ್ಕೆ ಬಿಟ್ಟುಕೊಟ್ಟೇನು. ಮುಗಿದ ಮೇಲೆ ಹೊರಗೆ ಬಂದು, ಅಂಜೂರ ಮುಟ್ಟಬೇಡವೆಂದು ಮಗನಿಗೆ ಹೇಳಿ ಹೋಗುತ್ತಾಳೆ. ನಗು ಬರುತ್ತದೆ, ಬರಲೇಬೇಕು. ಇಲ್ಲಿಯ ಕರಾಳ ಹಾಸ್ಯವನ್ನು ಗಂಭೀರ ಮುಖದಿಂದ ನೋಡುವವರು ಅರ್ಧ ರಸ ಕಳೆದುಕೊಳ್ಳುತ್ತಾರೆ.

ಇದಕ್ಕೆ ಜೋಡಿಯಾಗಿ ಲಿವಿಯಾಳ ಹುಟ್ಟುಹಬ್ಬದ ಔತಣ ನೋಡಿ. ಮುಪ್ಪಾದ ಅಜ್ಜಿಗೆ ನರಕದ ಭಯ ಹತ್ತಿದೆ. ಸತ್ತ ಮೇಲೆ ತನ್ನನ್ನು ದೇವತೆಯೆಂದು ಘೋಷಿಸಬೇಕೆಂದು ಮೊಮ್ಮಗನನ್ನು ಕೇಳುತ್ತಾಳೆ. ಅವನು ಕೇಳುವ ಬೆಲೆ ಸತ್ಯ. ಯಾರನ್ನು ಕೊಂದೆ, ಹೇಗೆ ಕೊಂದೆ, ಎಲ್ಲವೂ ಅವನ ಇತಿಹಾಸದ ಬರವಣಿಗೆಗೆ ಬೇಕು. ಅವಳು ಅಡುಗೆ ವಿವರಿಸುವಷ್ಟು ನಿರಾಳವಾಗಿ ಹೇಳುತ್ತಾಳೆ. ಅಷ್ಟು ವರ್ಷ ಅವನನ್ನು ಪೆದ್ದನೆಂದು ತಳ್ಳಿದವಳು ಅವನಲ್ಲಿ ಸಮನಾದ ಬುದ್ಧಿಯೊಂದನ್ನು ಕಾಣುವುದು ಈ ಊಟದಲ್ಲೇ. ಕ್ರಿ.ಶ. 42ರಲ್ಲಿ ನಿಜವಾದ ಕ್ಲಾಡಿಯಸ್ ನಿಜವಾಗಿಯೂ ಅವಳನ್ನು ದೇವತೆಯ ಪಟ್ಟಕ್ಕೇರಿಸಿದ. ಗ್ರೇವ್ಸ್ ಆ ಒಣ ದಾಖಲೆಯ ಹಿಂದೆ ಒಂದು ಮನೆಯೊಳಗಿನ ಒಪ್ಪಂದವನ್ನು ಊಹಿಸಿದರು.

ಊಹೆ ಎಂಬುದು ನೆನಪಿರಲಿ. ಲಿವಿಯಾ ಇಷ್ಟು ಜನಕ್ಕೆ ವಿಷವಿಕ್ಕಿದಳೆಂಬುದಕ್ಕೆ ಪುರಾವೆಯಿಲ್ಲ. ಅಂಜೂರದ ಕಥೆಯನ್ನು ಬರೆದ ಇತಿಹಾಸಕಾರ ಡಿಯೊ ಕ್ಯಾಸಿಯಸ್ ಅವಳ ಕಾಲದಿಂದ ಸುಮಾರು ಎರಡು ಶತಮಾನ ಆಚೆಯವನು, ಅವನೂ ಅದನ್ನು ಅನುಮಾನವಾಗಿಯೇ ಹೇಳುತ್ತಾನೆ. ರೋಮನ್ ಇತಿಹಾಸಕಾರರಾದ ಟ್ಯಾಸಿಟಸ್, ಸ್ವೆಟೋನಿಯಸ್ ಇಬ್ಬರೂ ಅರಮನೆಯ ಗಾಳಿಮಾತನ್ನು ಇತಿಹಾಸದೊಳಗೆ ಬಿಟ್ಟುಕೊಳ್ಳುವುದರಲ್ಲಿ ಧಾರಾಳಿಗಳು. ಧಾರಾವಾಹಿ ಆ ಗಾಳಿಮಾತನ್ನೆಲ್ಲ ನಿಜವೆಂದು ಹಿಡಿದು ಹೊರಟಿದೆ. ನಾಟಕವಾಗಿ ಅದು ಲಾಭ, ಪಠ್ಯಪುಸ್ತಕವಾಗಿ ಅಪಾಯ.

ಕಲಿಗುಲಾನ ಪಾತ್ರದಲ್ಲಿ ಜಾನ್ ಹರ್ಟ್ ಹುಚ್ಚನ್ನು ಮೃದುವಾಗಿ, ಲಲ್ಲೆಗರೆಯುತ್ತ ಆಡುತ್ತಾರೆ. ಹೆದರಿಕೆ ಹುಟ್ಟುವುದೇ ಅದರಿಂದ. ಅವನ ಕೊಲೆಯಾದಾಗ, ಕ್ರಿ.ಶ. 41ರ ಜನವರಿಯಲ್ಲಿ, ಪರದೆಯ ಹಿಂದೆ ಅವಿತು ನಡುಗುತ್ತಿದ್ದ ಕ್ಲಾಡಿಯಸ್‌ನನ್ನು ಕಾವಲು ಪಡೆಯವರು ಎಳೆದು ಹೊರತೆಗೆದು ಚಕ್ರವರ್ತಿ ಎಂದು ಕೂಗುತ್ತಾರೆ. ಆಗ ಅವನಿಗೆ ಐವತ್ತರ ಅಂಚು. ದೊರೆಯಿಲ್ಲದಿದ್ದರೆ ಅರಮನೆಯ ಕಾವಲಿನವರಿಗೆ ಕೆಲಸವಿಲ್ಲ, ಸಂಬಳವಿಲ್ಲ. ಅವರ ತರ್ಕ ಅಷ್ಟೇ. ತಾನು ಗಣರಾಜ್ಯದ ಪಕ್ಷದವನೆಂದು ಅವನು ಗೋಗರೆದರೂ ಕೇಳುವವರಿಲ್ಲ. ಇತಿಹಾಸದಲ್ಲಿ ಅವನು ತಲೆಗೆ 15,000 ಸೆಸ್ಟರ್ಸ್ ಕೊಟ್ಟು ಅವರ ನಿಷ್ಠೆ ಕೊಂಡ ಎನ್ನುತ್ತಾನೆ ಸ್ವೆಟೋನಿಯಸ್. ಅಷ್ಟು ಮುಗ್ಧನೇನೂ ಅಲ್ಲ.

ಪಟ್ಟವೇರಿದ ಮೇಲಿನ ಕಂತುಗಳು ನನ್ನ ಮಟ್ಟಿಗೆ ಸ್ವಲ್ಪ ಸೊರಗುತ್ತವೆ. ಅಂಚಿನಲ್ಲಿದ್ದವನು ನಡುವಿಗೆ ಬಂದುಬಿಟ್ಟ. ಈಗ ಅಂಚಿನಲ್ಲಿ ನೋಡಲು ಯಾರಿದ್ದಾರೆ? ಮೇಕಪ್ಪಿನ ಸುಕ್ಕುಗಳೂ ಕೆಲವೆಡೆ ಕಣ್ಣಿಗೆ ಹೊಡೆಯುತ್ತವೆ. ಆದರೂ ನಿಲ್ಲಿಸಬೇಡಿ. ಹೆಂಡತಿ ಮೆಸಲೀನಾಳ ನಡತೆಯ ಸುದ್ದಿಯನ್ನು ಅವನಿಗೆ ಮುಟ್ಟಿಸಲು ಆಪ್ತ ಕಾರ್ಯದರ್ಶಿಗಳು ಪಡುವ ಪಾಡು ನೋಡತಕ್ಕದ್ದು.

ಮುಗಿಸಿದ ಮೇಲೆ ಅಸಲಿ ಕ್ಲಾಡಿಯಸ್‌ನ ದನಿ ಬೇಕೆನಿಸಿದರೆ ಒಂದು ದಾರಿಯಿದೆ. ಗಾಲ್ ಪ್ರಾಂತದ ಮುಖಂಡರನ್ನು ಸೆನೆಟ್ಟಿಗೆ ಸೇರಿಸಿಕೊಳ್ಳಿರೆಂದು ಕ್ರಿ.ಶ. 48ರಲ್ಲಿ ಅವನು ಮಾಡಿದ ಭಾಷಣವನ್ನು ಕೊರೆದ ಕಂಚಿನ ಫಲಕ, ಅವನು ಹುಟ್ಟಿದ ಲಿಯೋನ್ ನಗರದಲ್ಲೇ 1528ರಲ್ಲಿ ಸಿಕ್ಕಿತು. ಟ್ಯಾಸಿಟಸ್ ಅದೇ ಭಾಷಣವನ್ನು ತನ್ನ ‘ಆನಲ್ಸ್’ನ ಹನ್ನೊಂದನೆಯ ಭಾಗದಲ್ಲಿ ಒಪ್ಪವಾಗಿ ತಿದ್ದಿ ಕೊಟ್ಟಿದ್ದಾನೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಫಲಕದಲ್ಲಿರುವವನು ಹಳೆಯ ರಾಜರ ಚರಿತ್ರೆಯೊಳಗೆ ಅಲೆದಾಡಿ, ಎಲ್ಲಿಗೋ ಹೋಗಿ, ವಿಷಯಕ್ಕೆ ಬಾ ಎಂದು ನಡುವೆ ತನಗೆ ತಾನೇ ಹೇಳಿಕೊಳ್ಳುತ್ತಾನೆ.