ಹೆಸರು ಪ್ರಿಸಿಷನ್, ಸ್ಯಾಡಲ್ ಎರಡೇ

ಲಿಯೋ ಫೆಂಡರ್ 1951ರಲ್ಲಿ ತಂದ ಬೇಸ್ ಗಿಟಾರಿಗೆ ‘ಪ್ರಿಸಿಷನ್’ ಅಂತ ಹೆಸರು ಬಂದಿದ್ದು ಫ್ರೆಟ್ಟುಗಳಿಂದ. ಆಳೆತ್ತರದ ಡಬಲ್ ಬೇಸಿಗೆ ಫ್ರೆಟ್ ಇಲ್ಲ, ಸ್ವರದ ಜಾಗ ಬೆರಳಿಗೇ ಗೊತ್ತಿರಬೇಕು. ಇದರಲ್ಲಿ ಫ್ರೆಟ್ಟಿನ ಹಿಂದೆ ಒತ್ತಿದರಾಯ್ತು, ಸ್ವರ ಸರಿಯಾಗಿ ಬರುತ್ತೆ. ಬರಬೇಕು. ಆದ್ರೆ ಎಡಗೈ ಕಡೆಯ ಈ ಕರಾರುವಾಕ್ಕು ಲೆಕ್ಕ ಬಲಗೈ ಕಡೆ, ಬ್ರಿಡ್ಜಿನ ಹತ್ರ ಬಂದಾಗ ಕೈಕೊಡುತ್ತೆ. ಅಲ್ಲಿ ನಾಲ್ಕು ತಂತಿಗೆ ಎರಡೇ ಸ್ಯಾಡಲ್. (ನಮ್ಮ ವೀಣೆಯವರು ಬ್ರಿಡ್ಜನ್ನು ಕುದುರೆ ಅಂತಾರೆ. ಸ್ಯಾಡಲ್ ಅಂದ್ರೆ ಜೀನು. ಒಂದು ಜೀನಿಗೆ ಇಬ್ಬರು ಸವಾರರು ಅಂದ್ಕೊಳ್ಳಿ.)

ತಂತಿಯನ್ನು ಒತ್ತಿದಾಗ ಅದು ಕೊಂಚ ಎಳೆದು, ಶ್ರುತಿ ಏರುತ್ತೆ. ಅದನ್ನು ಸರಿದೂಗಿಸೋಕೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ ತಂತಿಯ ಉದ್ದ ಹೆಚ್ಚಿಸಬೇಕು, ದಪ್ಪ ತಂತಿಗೆ ಸಾಮಾನ್ಯವಾಗಿ ಜಾಸ್ತಿ. ಪರೀಕ್ಷೆ ಸುಲಭ. 12ನೇ ಫ್ರೆಟ್ಟಿನ ಮೇಲೆ ಹಾರ್ಮೋನಿಕ್ ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ರೆ ಮುಂದಕ್ಕೆ. ಪ್ರತಿ ಸಲವೂ ಮತ್ತೆ ಟ್ಯೂನ್ ಮಾಡ್ಕೊಳ್ಳಿ. ತಂತಿಯ ಎತ್ತರ ಮೊದಲೇ ನಿಗದಿ ಮಾಡಿ, ಅದು ಬದಲಾದ್ರೆ ಈ ಲೆಕ್ಕವೂ ಬದಲಾಗುತ್ತೆ. ಸವೆದ ತಂತಿ ಇಟ್ಕೊಂಡು ಈ ಕೆಲಸಕ್ಕೆ ಕೂರಲೇಬೇಡಿ.

ಈಗ ‘ಇ’ ಮತ್ತು ‘ಎ’ ತಂತಿಗಳು ಒಂದೇ ಸ್ಯಾಡಲ್ ಮೇಲಿವೆ. ‘ಇ’ ಸರಿಮಾಡಿದ್ರೆ ‘ಎ’ ಇಳಿಯುತ್ತೆ, ‘ಎ’ ಸರಿಮಾಡಿದ್ರೆ ‘ಇ’ ಏರುತ್ತೆ. ಎರಡು ಫಂಕ್ಷನ್ನು ಒಂದೇ ಗ್ಲೋಬಲ್ ವೇರಿಯಬಲ್ಲಿಗೆ ಬರೀತಾ ಕೂತ ಹಾಗೆ. ಕೋಡ್ ರಿವ್ಯೂನಲ್ಲಿ ನಾನು ಇದನ್ನ ಪಾಸ್ ಮಾಡ್ತಿರ್ಲಿಲ್ಲ.

1957ರಲ್ಲಿ ಫೆಂಡರ್ ಕಂಪನಿಯೇ ತಂತಿಗೊಂದರಂತೆ ನಾಲ್ಕು ಸ್ಯಾಡಲ್ ಕೊಟ್ಟಿತು. ವಾದ ಅಲ್ಲಿಗೇ ಮುಗೀಬೇಕಿತ್ತು. ಆದ್ರೆ ಹಳೇ ಮಾದರಿಯ ಮರುಸೃಷ್ಟಿಗಳು ಎರಡೇ ಸ್ಯಾಡಲ್ ಸಮೇತ ಬಂದವು, ‘ವಿಂಟೇಜ್’ ಅನ್ನೋ ಮರ್ಯಾದೆ ಬೇರೆ. ಮೊದಲ ಐದು ಫ್ರೆಟ್ಟಿನೊಳಗೆ, ಡ್ರಮ್ಮಿನ ಜೊತೆ ನುಡಿಸೋರಿಗೆ ಈ ವ್ಯತ್ಯಾಸ ಕಿವಿಗೆ ಬೀಳೋದು ಕಷ್ಟ, ಅಷ್ಟು ಒಪ್ತೀನಿ. ಮೇಲಿನ ಫ್ರೆಟ್ಟುಗಳಿಗೆ ಹೋಗಿ, ಪಕ್ಕದಲ್ಲಿ ಕೀಬೋರ್ಡ್ ಇದ್ರೆ ಮುಚ್ಚಿಡೋಕಾಗಲ್ಲ.

ನನ್ನ ಸಿಟ್ಟು ಇರೋದು ಆ ಮರ್ಯಾದೆಯ ಮೇಲೆ. ಸಂಗೀತದ ಮನೆತನ ಇಲ್ಲದ, ಹಳ್ಳಿಯಿಂದ ಬಂದು ಸಂಬಳದಲ್ಲಿ ಉಳಿಸಿ ವಾದ್ಯ ಕೊಂಡ ಹುಡುಗ, ಅಪಸ್ವರ ಕೇಳಿದ ತಕ್ಷಣ ಅನುಮಾನ ಪಡೋದು ತನ್ನ ಕಿವಿಯನ್ನ. ಅಂಥವರನ್ನ ನೋಡಿದ್ದೀನಿ. ತರಬೇತಿ ಸಾಲದು ಅಂದ್ಕೊಂಡು ವಾರಗಟ್ಟಲೆ ಸ್ಕೇಲ್ ತಿಕ್ಕುತ್ತಾರೆ. ಅವರ ಕಿವಿ ಸರಿಯಾಗೇ ಇದೆ, ಅಂಗಡಿಯವನು ಹೇಳಲ್ಲ ಅಷ್ಟೆ. ಎರಡು ಸ್ಯಾಡಲಿನ ಬೇಸ್ ಕೊಳ್ಳೋಕೆ ಹೋದ್ರೆ ಟ್ಯೂನರ್ ಜೇಬಲ್ಲಿಟ್ಕೊಂಡು ಹೋಗಿ, ದುಡ್ಡು ಕೊಡೋಕೆ ಮುಂಚೆ ‘ಇ’ ಮತ್ತು ‘ಎ’ ಎರಡನ್ನೂ 12ರಲ್ಲಿ ಒತ್ತಿ ನೋಡಿ.