ಹೊರಲು ನಾಲ್ಕು ಜನ: ‘ಸಂಸ್ಕಾರ’ದಿಂದ ‘ತಿಥಿ’ಯವರೆಗೆ ಕನ್ನಡ ಸಿನಿಮಾ

ಊರವರೊಂದಿಗೆ ಸದಾ ಜಗಳ ಕಾಯುವವನಿಗೆ ಹಿರಿಯರು ಹೇಳುವ ಬುದ್ಧಿಮಾತೊಂದಿದೆ: ಸತ್ತಾಗ ಹೊರಲು ನಾಲ್ಕು ಜನ ಬೇಕು. ಅದರಲ್ಲಿ ಕಾಳಜಿ ಎಷ್ಟಿದೆಯೋ ಬೆದರಿಕೆಯೂ ಅಷ್ಟೇ ಇದೆ. ಬದುಕಿರುವಾಗ ನೀನು ಹೇಗಾದರೂ ನಡೆದುಕೋ, ಕೊನೆಗೆ ನಿನ್ನ ಹೆಣ ನಮ್ಮ ಹೆಗಲಿಗೇ ಬರಬೇಕು ಎಂದು ಊರು ಎಚ್ಚರಿಸುತ್ತದೆ. 1970ರ ‘ಸಂಸ್ಕಾರ’ದಿಂದ ಈಚಿನವರೆಗಿನ ಕನ್ನಡದ ಗಂಭೀರ ಚಿತ್ರಗಳನ್ನು ಸಾಲಾಗಿ ನೋಡುತ್ತ ಹೋದರೆ, ಅವುಗಳಲ್ಲಿ ಮುಖ್ಯವಾದವು ಈ ಮಾತನ್ನೇ ಪರೀಕ್ಷೆಗೆ ಒಡ್ಡಿವೆ ಎನ್ನುವುದು ಕಾಣುತ್ತದೆ. ಹೊಸ ಅಲೆ, ಕಲಾತ್ಮಕ ಚಿತ್ರ, ಅವಾರ್ಡ್ ಸಿನಿಮಾ ಎಂದು ಈ ಪರಂಪರೆಗೆ ಹಲವು ಹೆಸರುಗಳಿವೆ. ಇದನ್ನು ಬಡತನದ ಚಿತ್ರಣವೆಂದೋ ಸಂಪ್ರದಾಯದ ಟೀಕೆಯೆಂದೋ ವಿವರಿಸುವುದು ವಾಡಿಕೆ. ನನ್ನ ವಾದ ಬೇರೆ. ಯಾರು ನಮ್ಮವರು, ಯಾರು ಇದ್ದೂ ಸತ್ತಂತೆ ಎಂಬುದನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಎನ್ನುವುದು ಈ ಚಿತ್ರಗಳ ಮೂಲ ಪ್ರಶ್ನೆ. ಸಾವಿನ ಮನೆ ಆ ಪ್ರಶ್ನೆ ಬಯಲಿಗೆ ಬರುವ ಜಾಗ. ಹಳೆಯ ಮತ್ತು ಹೊಸ ಚಿತ್ರಗಳನ್ನು ಜೋಡಿಜೋಡಿಯಾಗಿ ನೋಡಿದಾಗ ಆ ಅಧಿಕಾರ ಕೈಯಿಂದ ಕೈಗೆ ದಾಟುತ್ತ ಬಂದದ್ದು ಸ್ಪಷ್ಟವಾಗುತ್ತದೆ. ಬಿಡಿಬಿಡಿಯಾಗಿ ನೋಡಿದವರಿಗೆ ಅದು ಸಿಕ್ಕುವುದಿಲ್ಲ.

ಮೊದಲಿಗೆ ‘ಸಂಸ್ಕಾರ’. ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ ತೆರೆಗೆ ತಂದರು. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ನಟಿಸಿದರು. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದ ಈ ಚಿತ್ರಕ್ಕೇ ಮುಂದೆ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಅಗ್ರಹಾರದ ಕಟ್ಟುಪಾಡುಗಳನ್ನೆಲ್ಲ ಮುರಿದು ಬಾಳಿದ ನಾರಣಪ್ಪ ಸತ್ತಿದ್ದಾನೆ. ಅವನಿಗೆ ಮಕ್ಕಳಿಲ್ಲ. ಸಂಸ್ಕಾರ ಮಾಡಿದವನ ಬ್ರಾಹ್ಮಣ್ಯ ಉಳಿಯುತ್ತದೆಯೇ ಎಂಬುದು ಯಾರಿಗೂ ಗೊತ್ತಿಲ್ಲ. ಚಿತ್ರದ ಬಿಗಿ ಇರುವುದು ಒಂದು ಸರಳ ನಿಯಮದಲ್ಲಿ: ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಒಲೆ ಹಚ್ಚುವಂತಿಲ್ಲ, ಯಾರೂ ಉಣ್ಣುವಂತಿಲ್ಲ. ಧರ್ಮಜಿಜ್ಞಾಸೆ ನಡೆಯುತ್ತಿರುವಾಗಲೇ ಹೊಟ್ಟೆ ಹಸಿಯುತ್ತಿರುತ್ತದೆ. ಖರ್ಚಿಗೆಂದು ಚಂದ್ರಿ ತನ್ನ ಒಡವೆ ಬಿಚ್ಚಿಟ್ಟ ಕೂಡಲೇ, ಅಲ್ಲಿಯವರೆಗೆ ಹಿಂದೆ ಸರಿಯುತ್ತಿದ್ದವರ ಕಣ್ಣು ಬಂಗಾರದ ಮೇಲೆ ನೆಡುತ್ತದೆ. ಪ್ರಾಣೇಶಾಚಾರ್ಯರು ಗ್ರಂಥಗಳನ್ನು ಹುಡುಕುತ್ತಾರೆ, ಮಾರುತಿಯ ಮುಂದೆ ಕಾದು ಕೂರುತ್ತಾರೆ. ಉತ್ತರ ಎರಡೂ ಕಡೆಯಿಂದ ಬರುವುದಿಲ್ಲ. ಕೊನೆಗೆ ಚಂದ್ರಿ ಒಬ್ಬ ಮುಸಲ್ಮಾನನ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸುತ್ತಾಳೆ. ತೀರ್ಮಾನಿಸುವ ಅಧಿಕಾರ ಪಂಡಿತನದು, ಕೆಲಸ ಪೂರೈಸಿದ್ದು ಅಗ್ರಹಾರದ ಲೆಕ್ಕದಲ್ಲಿಯೇ ಇಲ್ಲದ ಇಬ್ಬರು. ಈ ಅಂತರವೇ ಮುಂದಿನ ಐವತ್ತು ವರ್ಷಗಳ ಚಿತ್ರಗಳಿಗೆ ವಸ್ತುವಾಯಿತು.

ಏಳು ವರ್ಷಗಳ ನಂತರ ಗಿರೀಶ್ ಕಾಸರವಳ್ಳಿ ತಮ್ಮ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ದಲ್ಲಿ ಇದನ್ನು ತಿರುಗುಮುರುಗಾಗಿಸಿದರು. ಅದರ ಮೂಲವೂ ಅನಂತಮೂರ್ತಿಯವರ ಕಥೆಯೇ. ‘ಸಂಸ್ಕಾರ’ದಲ್ಲಿ ಹೆಣವಿದೆ, ಕ್ರಿಯೆ ನಡೆಯುವುದಿಲ್ಲ. ‘ಘಟಶ್ರಾದ್ಧ’ದಲ್ಲಿ ಹೆಣವಿಲ್ಲ, ಕ್ರಿಯೆ ನಡೆದುಹೋಗುತ್ತದೆ. ವೇದಪಾಠಶಾಲೆ ನಡೆಸುವ ಉಡುಪರ ಮಗಳು, ವಿಧವೆ ಯಮುನಾ ಬಸಿರಾಗಿದ್ದಾಳೆ. ಬದುಕಿರುವ ಮಗಳನ್ನು ಸತ್ತವಳೆಂದು ಎಣಿಸಿ, ಅವಳ ಬದಲಿಗೆ ಗಡಿಗೆಯೊಂದನ್ನಿಟ್ಟು ತಂದೆಯೇ ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ನೋಡುವವನು ನಾಣಿ, ಪಾಠಶಾಲೆಗೆ ಹೊಸದಾಗಿ ಸೇರಿದ ಪುಟ್ಟ ಹುಡುಗ. ಮನೆಯ ನೆನಪಿನಲ್ಲಿ ಅಳುವ ಅವನಿಗೆ ಅಲ್ಲಿ ಅಕ್ಕರೆ ತೋರಿದವಳು ಯಮುನಕ್ಕ ಒಬ್ಬಳೇ. ಕೊನೆಯ ದೃಶ್ಯದಲ್ಲಿ ಅಪ್ಪನ ಹಿಂದೆ ಊರಿಗೆ ಹೊರಟ ನಾಣಿಗೆ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನಾ ಕಾಣುತ್ತಾಳೆ. ಅಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನ ಛಾಯಾಗ್ರಹಣದಲ್ಲಿ ದಾರಿಯುಂಟು, ಮರವುಂಟು, ತಿರುಗಿ ನೋಡುವ ಮಗುವುಂಟು. ಶಾಸ್ತ್ರದ ಪ್ರಕಾರ ಸತ್ತವಳನ್ನು ಆ ಮಗು ಮಾತ್ರ ಬದುಕಿರುವವಳಂತೆ ನೋಡುತ್ತದೆ. ಊರಿನ ತೀರ್ಪನ್ನು ಒಪ್ಪದ ಒಂದು ನೋಟ ಸಾಕು, ಆ ತೀರ್ಪಿನ ಸುಳ್ಳು ಬಯಲಾಗಲು. ಈ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಹಳೆಯದನ್ನು ಕಾಪಾಡಬೇಕೆಂಬ ಗೌರವವಷ್ಟೇ ಅಲ್ಲ, ಇಂದಿಗೂ ಮುಖಕ್ಕೆ ಮುಖ ಕೊಟ್ಟು ನೋಡಬೇಕಾದ ಚಿತ್ರವೆಂಬ ಕಾರಣವೂ ಅದಕ್ಕೆ ಸಲ್ಲುತ್ತದೆ.

ಈಗ ಇದರ ಪಕ್ಕದಲ್ಲಿ ರಾಮ್ ರೆಡ್ಡಿಯವರ ‘ತಿಥಿ’ಯನ್ನು ಇಟ್ಟು ನೋಡಬೇಕು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಮರುವರ್ಷ ನಮ್ಮಲ್ಲಿ ತೆರೆಕಂಡ ಚಿತ್ರವಿದು. ನಡೆಯುವುದು ಮಂಡ್ಯ ಸೀಮೆಯ ಹಳ್ಳಿಯಲ್ಲಿ, ನಟಿಸಿದವರು ಅಲ್ಲಿಯ ಜನ. ನೂರೊಂದು ವರ್ಷದ ಸೆಂಚುರಿಗೌಡ ದಾರಿಹೋಕರನ್ನೆಲ್ಲ ಬೈಯುತ್ತ ಕೂತಿದ್ದವನು ಎದ್ದು ಹೋಗಿ ಸತ್ತು ಬೀಳುತ್ತಾನೆ. ಹನ್ನೊಂದನೆಯ ದಿನದ ತಿಥಿಗೆ ಊರಿಗೆಲ್ಲ ಬಾಡೂಟ ಹಾಕಬೇಕು. ಮಗ ಗಡ್ಡಪ್ಪನಿಗೆ ಇದಾವುದೂ ಬೇಕಿಲ್ಲ, ಸೀಸೆ ಹಿಡಿದು ಹೊಲದ ಬದುಗಳಲ್ಲಿ ಅಲೆಯುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಬೇಕಿರುವುದು ಅಜ್ಜನ ಹೆಸರಿನ ಜಮೀನು. ಅದು ಅಪ್ಪನಿಗೆ ಬರದೆ ತನ್ನ ಕೈಸೇರಬೇಕಾದರೆ ಅಪ್ಪ ಇಲ್ಲವೆಂದು ಕಾಗದ ಹೇಳಬೇಕು. ಲಂಚ ಕೊಟ್ಟು, ಬದುಕಿರುವ ಗಡ್ಡಪ್ಪನ ಹೆಸರಿನಲ್ಲಿ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ. ಹೆಣವಿಲ್ಲದೆ ಸಾವನ್ನು ಘೋಷಿಸುವ ಕ್ರಿಯೆ ಇಲ್ಲಿಯೂ ನಡೆಯಿತಲ್ಲವೇ? ಮಗಳನ್ನು ಸತ್ತವಳೆಂದ ತಂದೆಗೆ ಗಡಿಗೆ ಬೇಕಾಗಿತ್ತು, ತಂದೆಯನ್ನು ಸತ್ತವನೆಂದ ಮಗನಿಗೆ ಸರ್ಕಾರಿ ಮೊಹರು ಸಾಕಾಯಿತು. ಅಗ್ರಹಾರದ ಕೈಯಲ್ಲಿದ್ದ ಅಧಿಕಾರ ಕಚೇರಿಯ ಮೇಜಿಗೆ ಬಂದಿದೆ, ಜಾತಿಯ ಮರ್ಯಾದೆ ಇದ್ದ ಕಡೆ ಜಮೀನಿನ ಖಾತೆ ಬಂದು ಕೂತಿದೆ. ಒಂದು ಕರುಳು ಹಿಂಡುತ್ತದೆ, ಇನ್ನೊಂದು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತದೆ. ಆದರೂ ಇವು ಒಂದೇ ಮನೆಯ ಮಕ್ಕಳು.

ಅಗ್ರಹಾರದಿಂದ ಕಚೇರಿಗೆ ಬಂದ ಈ ದಾರಿಯ ನಡುವಿನ ಕೊಂಡಿ ಕಾಸರವಳ್ಳಿಯವರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ 1980ರ ದಶಕದಲ್ಲಿ ಬಂದ ಈ ಚಿತ್ರದಲ್ಲಿ ಚಾರುಹಾಸನ್ ತಬರಶೆಟ್ಟಿಯಾಗಿದ್ದಾರೆ. ಬ್ರಿಟಿಷರ ಕಾಲದಿಂದ ಸರ್ಕಾರವನ್ನು ನಂಬಿ ದುಡಿದವನು ಪೆನ್ಷನ್ನಿಗಾಗಿ ಕಚೇರಿಯ ಮೆಟ್ಟಿಲು ಸವೆಸುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿದೆ. ಗಾಯಕ್ಕೊಂದು ವೇಗ, ಕಡತಕ್ಕೊಂದು ವೇಗ. ಇವೆರಡರ ಅಂತರವನ್ನೇ ಚಿತ್ರ ತಾಳ್ಮೆಯಿಂದ ಅಳೆಯುತ್ತದೆ. ಹಣ ಮಂಜೂರಾಗುವ ಹೊತ್ತಿಗೆ ಅದು ಯಾರಿಗೆ ಬೇಕಿತ್ತೋ ಅವಳಿಲ್ಲ. ಇಲ್ಲಿ ಯಾರೂ ಯಾರನ್ನೂ ಬಹಿಷ್ಕರಿಸಲಿಲ್ಲ, ಯಾರೊಬ್ಬರಲ್ಲೂ ದ್ವೇಷವಿಲ್ಲ, ಎಲ್ಲ ನಿಯಮದ ಪ್ರಕಾರವೇ ನಡೆಯಿತು. ಪ್ರಾಣೇಶಾಚಾರ್ಯರಿಗೆ ಉತ್ತರ ಹೇಳದೆ ಮೌನವಾಗಿದ್ದ ಗ್ರಂಥದ ಜಾಗದಲ್ಲಿ ಈಗ ಕಡತವಿದೆ.

ಈ ಓದಿಗೆ ಮೂರು ಆಕ್ಷೇಪಗಳು ಏಳಬಹುದು. ಇದೆಲ್ಲ ಸಾಹಿತ್ಯದಿಂದ ಎರವಲು ತಂದದ್ದು, ಸಿನಿಮಾದ ಸ್ವಂತ ಗಳಿಕೆ ಏನು ಎಂಬುದು ಮೊದಲನೆಯದು. ಅನಂತಮೂರ್ತಿ, ಶಿವರಾಮ ಕಾರಂತ, ಭೈರಪ್ಪ, ತೇಜಸ್ವಿ, ಎಂ.ಕೆ. ಇಂದಿರಾ ಇವರ ಬರಹ ಇಲ್ಲದಿದ್ದರೆ ಈ ಪರಂಪರೆಯೇ ಇರುತ್ತಿರಲಿಲ್ಲ ಎನ್ನುವುದು ನಿಜ. ಆದರೆ ‘ತಿಥಿ’ ಯಾವ ಕಾದಂಬರಿಯಿಂದಲೂ ಬಂದದ್ದಲ್ಲ. ನಿರ್ದೇಶಕರೂ ಈರೇಗೌಡರೂ ಸೇರಿ ಊರಿನ ಜನರನ್ನು ಕಂಡು ಬರೆದ ಕಥೆಯದು. ಸಾಹಿತ್ಯದ ಊರುಗೋಲು ಇಲ್ಲದೆಯೂ ಅದೇ ಪ್ರಶ್ನೆ ಎದ್ದು ಬಂತೆಂದರೆ, ಪ್ರಶ್ನೆಯ ಬೇರು ಪುಸ್ತಕಕ್ಕಿಂತ ಆಳದಲ್ಲಿ, ನಮ್ಮ ಊರುಗಳಲ್ಲಿಯೇ ಇದೆ. ಅಲ್ಲದೆ ಕಾದಂಬರಿ ಪ್ರಾಣೇಶಾಚಾರ್ಯರ ಮನಸ್ಸಿನೊಳಗೆ ಇಳಿಯಬಲ್ಲದು. ಕ್ಯಾಮೆರಾ ಹೊರಗೇ ನಿಂತು ಮುಖ, ಜಗಲಿ, ಒಲೆ ಹಚ್ಚದ ಅಡುಗೆಮನೆ ಇವನ್ನು ನೋಡಬೇಕು. ಹಾಗೆ ಹೊರಗೆ ನಿಲ್ಲಬೇಕಾಗಿ ಬಂದದ್ದರಿಂದಲೇ ಒಬ್ಬನ ಸಂಕಟದ ಕಥೆ ಊರಿನ ಕಥೆಯೂ ಆಯಿತು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಈ ಪರಂಪರೆ ಮೇಲ್ಜಾತಿಯ ಮನೆಗಳ ಸೂತಕವನ್ನೇ ಲೋಕದ ಸೂತಕವೆಂದು ತಿಳಿಯಿತಲ್ಲವೇ? ಜನಿವಾರ, ಕೇಶಮುಂಡನ, ಶ್ರಾದ್ಧಗಳ ಸುತ್ತಲೇ ಸುತ್ತಿತಲ್ಲವೇ? ಈ ಮಾತನ್ನು ತಳ್ಳಿಹಾಕಲಾಗದು. ಹೊಸ ಅಲೆಯ ಉತ್ಸಾಹ ಇಳಿದ ಮೇಲೆ ಇವೇ ಚಿಹ್ನೆಗಳು ಸವೆದ ನಾಣ್ಯದಂತೆ ಚಿತ್ರದಿಂದ ಚಿತ್ರಕ್ಕೆ ಚಲಾವಣೆಯಾದವು. ಆದರೂ ಪರಂಪರೆಯ ಒಳಗೇ ಇದಕ್ಕೆ ಪ್ರತಿವಾದವಿದೆ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ‘ಚೋಮನ ದುಡಿ’ಯಲ್ಲಿ ಚೋಮನ ಮಗ ನೀರಿನಲ್ಲಿ ಮುಳುಗುತ್ತಿದ್ದಾನೆ. ದಡದಲ್ಲಿ ಜನರಿದ್ದಾರೆ, ಮುಟ್ಟಿ ಎತ್ತುವ ಕೈ ಮುಂದೆ ಬರುವುದಿಲ್ಲ. ‘ಸಂಸ್ಕಾರ’ದ ಅಗ್ರಹಾರ ಹೆಣವನ್ನು ಮುಟ್ಟಲು ಹೆದರಿತು, ಇಲ್ಲಿ ಮುಟ್ಟುವ ಹೆದರಿಕೆಯೇ ಹೆಣವನ್ನು ಮಾಡಿತು. ಉಳುವ ಭೂಮಿಯ ಆಸೆ ಕೈಗೂಡದ ಚೋಮ ಕೊನೆಗೆ ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಎಂ.ವಿ. ವಾಸುದೇವರಾವ್ ಅವರ ಅಭಿನಯದಲ್ಲಿ ಆ ದುಡಿಯ ಸದ್ದೇ ಅವನ ಅಂತ್ಯಕ್ರಿಯೆ. ಇದಕ್ಕೆ ಜೋಡಿಯಾಗಿ 2010ರ ‘ಕನಸೆಂಬೋ ಕುದುರೆಯನೇರಿ’ಯನ್ನು ನೋಡಬೇಕು. ಅಮರೇಶ ನುಗಡೋಣಿಯವರ ಕಥೆಯಿಂದ ಕಾಸರವಳ್ಳಿ ಮಾಡಿದ ಈ ಚಿತ್ರದಲ್ಲಿ ಕಥೆ ಹೇಳುವ ಕಣ್ಣು ಗುಂಡಿ ತೋಡುವ ಈರ್ಯಾನದು. ವೈಜನಾಥ ಬಿರಾದಾರ್ ಆ ಪಾತ್ರ ಮಾಡಿದ್ದಾರೆ. ಕನಸಿನಲ್ಲಿ ಸಿದ್ಧ ಕಂಡರೆ ಊರಿನಲ್ಲೊಂದು ಸಾವು ಖಚಿತವೆಂಬುದು ಅವನ ನಂಬಿಕೆ. ಒಂದು ದಿನ ಕನಸು ಬೀಳುತ್ತದೆ, ಆದರೆ ಯಾರೂ ಸತ್ತಿಲ್ಲ ಎನ್ನುತ್ತದೆ ಊರು. ನಿಜದಲ್ಲಿ ಗೌಡರ ಮನೆಯಲ್ಲಿ ಸಾವಾಗಿದೆ, ಮನೆಯವರು ತಮ್ಮ ಅನುಕೂಲಕ್ಕೆ ಬಚ್ಚಿಟ್ಟಿದ್ದಾರೆ. ಬದುಕಿದ್ದವರನ್ನು ಸತ್ತರೆನ್ನುವ ಅಧಿಕಾರ ಇದ್ದವರಿಗೆ ಸತ್ತವರನ್ನು ಬದುಕಿದ್ದಾರೆ ಎನ್ನುವ ಅಧಿಕಾರವೂ ಇರುತ್ತದೆ ಎಂದು ಈ ಚಿತ್ರ ತೋರಿಸುತ್ತದೆ. ಆ ಸುಳ್ಳಿನ ಬೆಲೆ ತೆರುವವನು ಹೊರುವ, ಹೂಳುವ ಕೆಲಸವನ್ನೇ ನಂಬಿದವನು. ಚಿತ್ರಗಳೇನೋ ಇವೆ, ಸಾಲವು ಎಂಬುದನ್ನು ಮಾತ್ರ ಒಪ್ಪಲೇಬೇಕು. ಚೋಮನ ಕೇರಿಯಿಂದಲೇ ಬಂದವರು ಕ್ಯಾಮೆರಾ ಹಿಡಿದು ತಮ್ಮ ಸಾವುನೋವಿನ ಕಥೆ ಹೇಳಿದ ಚಿತ್ರಗಳ ದೊಡ್ಡ ಸಾಲು ನಮ್ಮಲ್ಲಿ ಇನ್ನೂ ಬರಬೇಕಿದೆ.

ಮೂರನೆಯದು, ಜನ ನೋಡದ ಚಿತ್ರಗಳಿಗೆ ಇಷ್ಟು ಮಹತ್ವ ಏಕೆ, ಜನರನ್ನು ಅಳಿಸಿದ ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’, ‘ಶರಪಂಜರ’ಗಳೇ ನಮ್ಮ ನಿಜವಾದ ಪರಂಪರೆಯಲ್ಲವೇ ಎಂಬುದು. ಪುಟ್ಟಣ್ಣನವರ ಸಾಧನೆ ದೊಡ್ಡದು. ಹೆಣ್ಣಿನ ಒಳಗುದಿಯನ್ನು ಕಲ್ಪನಾ ಅವರ ಮುಖದಲ್ಲಿ, ಹಾಡಿನಲ್ಲಿ ಅವರು ಮೂಡಿಸಿದ ಬಗೆಗೆ ಸಾಟಿಯಿಲ್ಲ. ವ್ಯತ್ಯಾಸ ಇರುವುದು ಕಣ್ಣು ನೆಟ್ಟ ಕಡೆಯಲ್ಲಿ. ಅಲ್ಲಿ ಕ್ಯಾಮೆರಾ ನೊಂದವಳ ಮೇಲಿರುತ್ತದೆ, ನಮ್ಮ ಕಣ್ಣೀರು ಅವಳಿಗೆ ಸಲ್ಲುತ್ತದೆ. ಇಲ್ಲಿ ನೋಯಿಸಿದ ಊರಿನ ಮೇಲಿರುತ್ತದೆ, ಅಳುವ ಸಮಾಧಾನ ನಮಗೆ ದಕ್ಕುವುದಿಲ್ಲ, ಏಕೆಂದರೆ ಆ ಊರಿನಲ್ಲಿ ನಾವೂ ಇದ್ದೇವೆ. ಎರಡೂ ಬೇಕು. ಗಂಭೀರ ಚಿತ್ರವೆಂದರೆ ಜನರಿಂದ ದೂರ ಎಂಬ ಮಾತಿಗೆ ‘ತಿಥಿ’ಯೇ ಉತ್ತರ. ಚಿತ್ರಮಂದಿರಗಳಲ್ಲಿ ಜನ ಅದನ್ನು ನಕ್ಕು ನಕ್ಕು ನೋಡಿದರು.

ಆದರೆ ‘ತಿಥಿ’ಯನ್ನು ಮೆಚ್ಚುವಾಗ ಅದರ ಮಿತಿಯನ್ನೂ ಹೇಳಬೇಕು. ಗಡ್ಡಪ್ಪ ಕುರಿಗಾಹಿಗಳ ಬೆಂಕಿಯ ಪಕ್ಕ ಕೂತು ತನ್ನ ಬಾಳಿನ ಹಳೆಯ ಗಾಯವನ್ನು ಹೇಳಿಕೊಳ್ಳುತ್ತಾನೆ. ಊರನ್ನೂ ಆಸ್ತಿಯನ್ನೂ ಬಿಟ್ಟ ಅವನ ಅಲೆದಾಟಕ್ಕೆ ವಿರಕ್ತನ ಕಳೆ ಇದೆ. ಕಾಗದದಲ್ಲಿ ಸತ್ತರೂ ಅವನು ಕಳೆದುಕೊಳ್ಳುವುದು ಏನೂ ಇಲ್ಲ. ಯಮುನಾಳಿಗೆ ಈ ಬಿಡುಗಡೆ ಇಲ್ಲ. ಊರಾಚೆ ಎನ್ನುವುದು ಗಂಡಸಿಗೆ ಬಯಲು, ಹೆಂಗಸಿಗೆ ಶಿಕ್ಷೆ. ಈ ಭೇದವನ್ನು ಎದುರಿಸಿದ ಜೋಡಿಯೊಂದು ನಮ್ಮಲ್ಲಿದೆ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತ ಮಾಡಿದ ‘ಫಣಿಯಮ್ಮ’ದ ಬಾಲವಿಧವೆ ಮಡಿಯ ಚೌಕಟ್ಟಿನೊಳಗೇ ಬದುಕು ಸವೆಸಿದವಳು. ಆದರೆ ಕಿರಿಯ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರ ನಿಲ್ಲುತ್ತಾಳೆ. 2018ರಲ್ಲಿ ಬಂದ ಮಂಸೋರೆಯವರ ‘ನಾತಿಚರಾಮಿ’ಯಲ್ಲಿ ಶ್ರುತಿ ಹರಿಹರನ್ ನಟಿಸಿದ ಗೌರಿ ನಗರದಲ್ಲಿ ದುಡಿಯುವವಳು. ಅವಳ ತಲೆ ಬೋಳಿಸಲು ಯಾರೂ ಬರುವುದಿಲ್ಲ. ಆದರೂ ಗಂಡನ ಜೊತೆಗೆ ಅವಳ ದೇಹದ ಬಯಕೆಯೂ ಸತ್ತಿತೆಂದು ಸುತ್ತಲಿನವರು ತಿಳಿದಿದ್ದಾರೆ. ಸತ್ತಿಲ್ಲವೆಂದು ಹೇಳುವ ಮಾತು ಅವಳಿಗೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗಡಿಗೆ ಹೋಯಿತು, ಮೊಹರು ಹೋಯಿತು, ತೀರ್ಪು ಮನಸ್ಸಿನೊಳಗೇ ಬಂದು ನೆಲೆಸಿತು. ನಗರದಲ್ಲಿ ಅಗ್ರಹಾರವಿಲ್ಲ ಎನ್ನುವ ನಮ್ಮ ನೆಮ್ಮದಿಯನ್ನು ಈ ಚಿತ್ರ ಕಸಿಯುತ್ತದೆ.

ಆದ್ದರಿಂದ ಹಳೆಯವನ್ನು ಅಭ್ಯಾಸಕ್ಕೆ, ಹೊಸವನ್ನು ಮನರಂಜನೆಗೆ ಎಂದು ಬೇರೆಬೇರೆ ಇಟ್ಟು ನೋಡಬಾರದು. ‘ಘಟಶ್ರಾದ್ಧ’ ಮತ್ತು ‘ತಿಥಿ’, ‘ಚೋಮನ ದುಡಿ’ ಮತ್ತು ‘ಕನಸೆಂಬೋ ಕುದುರೆಯನೇರಿ’, ‘ಫಣಿಯಮ್ಮ’ ಮತ್ತು ‘ನಾತಿಚರಾಮಿ’, ಇವುಗಳ ನಡುವೆ ‘ತಬರನ ಕಥೆ’, ಎಲ್ಲಕ್ಕೂ ಮುಂಚೆ ‘ಸಂಸ್ಕಾರ’. ಈ ಎಂಟನ್ನು ಹೀಗೆ ನೋಡಿದವರಿಗೆ ಹಳೆಯ ಚಿತ್ರಗಳು ಇಂದಿನವಾಗಿಯೂ ಹೊಸವು ಬೇರುಳ್ಳವಾಗಿಯೂ ಕಾಣುತ್ತವೆ. ಸತ್ತಾಗ ಹೊರಲು ನಾಲ್ಕು ಜನ ಬೇಕೆಂಬ ಮಾತು ಸುಳ್ಳೆಂದು ಈ ಚಿತ್ರಗಳು ಹೇಳುವುದಿಲ್ಲ. ಆ ನಾಲ್ವರು ಯಾರೆಂದು ಕೇಳುತ್ತವೆ. ನಾರಣಪ್ಪನಿಗೆ ಒದಗಿದವಳು ಚಂದ್ರಿ, ಯಮುನಾಳತ್ತ ತಿರುಗಿ ನೋಡಿದವನು ನಾಣಿ, ಗಡ್ಡಪ್ಪನಿಗೆ ಬೆಂಕಿಯ ಪಕ್ಕ ಜಾಗ ಕೊಟ್ಟವರು ಯಾವ ಊರಿಗೂ ಸೇರದ ಕುರಿಗಾಹಿಗಳು. ಊರು ಲೆಕ್ಕಕ್ಕೆ ಹಿಡಿಯದವರೇ ಪ್ರತಿ ಬಾರಿಯೂ ಹೆಗಲು ಕೊಟ್ಟಿದ್ದಾರೆ.