ಅಗಸ್ತ್ಯನ ಮಗ್ಗುಲಲ್ಲೊಂದು ಉಳಿ

ಈ ವಾರ ಅಗಸ್ತ್ಯನ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಅವನು ಕಾಯಲಿ. ಗೋಕಾಕ, ಹುಕ್ಕೇರಿಗಳಲ್ಲಿ ದಕ್ಷಿಣ ದಿಗಂತದಿಂದ 21 ಡಿಗ್ರಿ ಮೇಲೇರುವ ಆ ಚುಕ್ಕಿಗೆ ನನ್ನ ಪರಿಚಯ ಬೇಕಿಲ್ಲ. ಅವನ ಬಲಕ್ಕೆ, ತುಸು ಮೇಲೆ, ಸೀಲಮ್ ಎಂಬ ತಾರಾಪುಂಜವಿದೆ. ಅದನ್ನು ಕೇಳುವವರೇ ಇಲ್ಲ. ಅದರಲ್ಲಿ ಎಲ್ಲಕ್ಕಿಂತ ಬೆಳಗುವ ತಾರೆಯ ಕಾಂತಿಮಾನವೇ 4.45, ಅಷ್ಟು ಮಂಕು.

ಪುರಾಣವಿಲ್ಲದ್ದು ಪುಂಜವೇ ಅಲ್ಲ ಎನ್ನುವವರ ಜೊತೆ ನನ್ನ ಜಗಳ ಹಳೆಯದು. ಫ್ರಾನ್ಸಿನ ಖಗೋಳಜ್ಞ ಲಕಾಯ್ 1751ರಲ್ಲಿ ಗುಡ್ ಹೋಪ್ ಭೂಶಿರಕ್ಕೆ ಹೋಗಿ, ಅರ್ಧ ಅಂಗುಲದ ಮಸೂರ ಹಿಡಿದು ಹತ್ತಿರ ಹತ್ತು ಸಾವಿರ ತಾರೆಗಳ ಸ್ಥಾನ ಗುರುತಿಸಿದ. ಹೊಸದಾಗಿ ಹದಿನಾಲ್ಕು ಪುಂಜ ಕಟ್ಟಿದ. ಒಂದು ಬೆಟ್ಟ ಬಿಟ್ಟರೆ ಉಳಿದವೆಲ್ಲ ಕಲೆ, ವಿಜ್ಞಾನಗಳ ಸಲಕರಣೆ: ಗಡಿಯಾರ, ಕುಲುಮೆ, ಕೈವಾರ, ಚಿತ್ರಗಾರನ ಹಲಗೆ, ಉಳಿ. ಅವನಿಗಿಂತ ಮುಂಚೆ ಹ್ಯಾಲಿ ತನ್ನ ದೊರೆ ಚಾರ್ಲ್ಸನ ಹೆಸರಿನಲ್ಲಿ ದಕ್ಷಿಣಾಕಾಶಕ್ಕೆ ಒಂದು ಓಕ್ ಮರ ಏರಿಸಿದ್ದ. ಲಕಾಯ್ ಅದನ್ನು ಕಿತ್ತು ಹಾಕಿದ. ಒಬ್ಬ ರಾಜನನ್ನೂ ಆಕಾಶಕ್ಕೆ ಏರಿಸದ ಈ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ಸೀಲಮ್ ಅಂದರೆ ಆ ಉಳಿ. ಕಲ್ಲು ಕಡಿಯುವುದಲ್ಲ, ತಾಮ್ರದ ತಗಡಿನ ಮೇಲೆ ಗೆರೆ ಕೊರೆಯುವಂಥದು. 1756ರಲ್ಲಿ ಅಚ್ಚಾದ ಲಕಾಯ್‌ನ ನಕ್ಷೆಯನ್ನು ಅಂಥ ಉಳಿಯೇ ತಗಡಿಗಿಳಿಸಿತ್ತು. 1603ರ ಬಾಯರ್‌ನ ನಕ್ಷೆಗಳೂ ಹಾಗೇ ಬಂದವು. ಎರಡು ಶತಮಾನ ಆಕಾಶವನ್ನು ಕಾಗದಕ್ಕಿಳಿಸಿದ್ದು ಇದೇ ಸಲಕರಣೆ. ಇದಕ್ಕಿಂತ ದೊಡ್ಡ ಕಥೆ ಯಾವ ಗ್ರೀಕ್ ವೀರನದ್ದು? ಕಟ್ಟಿಗೆ ಗೊಂಬೆ, ಹಣ್ಣುಗಳಿಗೆ ಹೆಸರಾದ ಗೋಕಾಕದಲ್ಲಿ ನಿಂತು ಉಳಿಗೆ ಕಥೆಯಿಲ್ಲ ಎನ್ನುವ ಬಾಯಾದರೂ ಹೇಗೆ ಬರುತ್ತದೆ?

ನೋಡಲು ಎಳ್ಳಮವಾಸ್ಯೆಯೇ ಸರಿಯಾದ ರಾತ್ರಿ. ಚರಗ ಚೆಲ್ಲಿ ಬಂದವರು ಹತ್ತರ ಸುಮಾರಿಗೆ ಮತ್ತೊಮ್ಮೆ ಹೊಲಕ್ಕೆ ಹೋಗಬೇಕು. ಕಬ್ಬು ನುರಿಸುವ ಹಂಗಾಮಾದ್ದರಿಂದ ಕಾರ್ಖಾನೆಯ ದೀಪ, ಹೊಗೆ ದಕ್ಷಿಣಕ್ಕೆ ಅಡ್ಡ ಬಾರದ ಜಾಗ ಆರಿಸಿಕೊಳ್ಳಿ. ಮೂಡಲಗಿ ಕಡೆಯ ಬಯಲು ಹೊಲಗಳಲ್ಲಿ ಅಂಥವು ಇನ್ನೂ ಸಿಗುತ್ತವೆ. ಮಹಾವ್ಯಾಧನ ಕಾಲಡಿಯ ಮೊಲ, ಮೊಲದ ಕೆಳಗೆ ಪಾರಿವಾಳ, ಅದರ ಬಲಕ್ಕೆ ಬರಿದೆನಿಸುವ ಜಾಗ. ಅಲ್ಲಿಗೆ ಬೈನಾಕ್ಯುಲರ್ ತಿರುಗಿಸಿ. ಅಗಸ್ತ್ಯನ ವಿಷಯ ಮುಂದಿನ ವಾರ.